ಇನ್ನೂರರ ಎಣಿಕೆ

ಒಂದು ಗಾಜಿನ ಮೇಲೆ ಮೀನು ಮಾರ್ಕೆಟ್ಟಿನ ಪೈಲ್ವಾನ,
ಇನ್ನೊಂದರ ಮೇಲೆ ಪಾಂಡವಪುರದ ಕಬ್ಬಿನ ಗದ್ದೆಯ ಚಿರತೆ.
ಎರಡಕ್ಕೂ ಲೆಕ್ಕ ಒಂದೇ: ಇನ್ನೂರು.
ಅದಕ್ಕಿಂತ ಹೆಚ್ಚು ಕಣ್ಣು ತಡೆಯುವುದಿಲ್ಲ,
ಕಮ್ಮಿಯಾದರೆ ಕಾಳಪ್ಪ ಡಾಕ್ಟ್ರು ಒಪ್ಪುವುದಿಲ್ಲ.

ಪೈಲ್ವಾನನದು ಬೆಳಿಗ್ಗೆಯೇ ಬಂತು, ಬಟ್ಟಲಲ್ಲಿ,
ಹಿದುಕಿದ ಅವರೆಕಾಳಿನಂಥ ಎರಡು ಬೀಜ.
ಜಬೀನಾ ಬಿ ಅವನನ್ನು ಗೋಣಿಚೀಲದಲ್ಲಿ ಹಿಡಿದು ತಂದಿದ್ದಳು,
ಮೊಣಕೈವರೆಗೆ ಗೀರು.
"ಮಾರ್ಕೆಟ್ ತುಂಬ ಇವನ ಮಕ್ಕಳೇ" ಎಂದಳು.
ಬೈದಳೋ ಹೊಗಳಿದಳೋ ತಿಳಿಯಲಿಲ್ಲ.

ಬೀಜದ ಬೆನ್ನಿಗೆ ಅಂಟಿದ ಸುರುಳಿ ನಾಳವನ್ನು
ಬೆಚ್ಚನೆಯ ಉಪ್ಪುನೀರಲ್ಲಿ ಸಣ್ಣಗೆ ಹೆಚ್ಚಿದೆ.
ಅಕ್ಕಿ ತೊಳೆದಂತೆ ಬಿಳಿ ಎದ್ದಿತು.
ಆ ಬಿಳಿ ಈಜುತ್ತಿತ್ತು.

ಚಿರತೆ ಕೂರ್ಗಳ್ಳಿಯಲ್ಲಿ ಮಲಗಿತ್ತು,
ಅರಿವಳಿಕೆಯಲ್ಲೂ ಕಣ್ಣು ತೆರೆದೇ.
ಹಂದಿಗಿಟ್ಟ ಉರುಳಿಗೆ ಹಿಂಗಾಲಿನ ಪಂಜ ಕೊಟ್ಟು ಬಂದದ್ದು,
ಇನ್ನು ಕಾಡಿಗೆ ಬಿಡುವ ಹಾಗಿಲ್ಲ.
ಅದರಿಂದ ಸಿಕ್ಕಿದ್ದು ಒಂದೇ ಹನಿ.
ತೊಡೆಯ ಸಂದಿಯಲ್ಲಿ ಕೊಳವೆ ಇಟ್ಟುಕೊಂಡು,
ನನ್ನದೇ ಮೈಕಾವು ಕೊಟ್ಟು
ಜೀಪಿನಲ್ಲಿ ತಂದೆ.

ಈಗ ಎಣಿಸುತ್ತೇನೆ.
ಬಾಲ ಚಕ್ಕುಲಿ ಸುತ್ತಿದ್ದು. ಟಕ್.
ಕೊರಳಲ್ಲಿ ಹನಿ ಕಳಚದೆ ಉಳಿದದ್ದು,
ಕಣ್ಣೀರು ಒರೆಸಿಕೊಳ್ಳದ ಕೂಸಿನ ಹಾಗೆ. ಟಕ್.
ನಡು ಮುರಿದದ್ದು, ನಡು ಮುರಿದದ್ದು, ಮತ್ತೆ ನಡು ಮುರಿದದ್ದು.
ಟೋಪಿ ಇಲ್ಲದ ಬೋಳು ತಲೆ.
ಎರಡು ತಲೆ, ಒಂದೇ ಬಾಲ.
ಈ ಕೊನೆಯದರ ಮುಂದೆ ಯಾವಾಗಲೂ
ನನ್ನ ಬೆರಳು ಒಂದು ಗಳಿಗೆ ತಡೆಯುತ್ತದೆ.

ನರಸೀಪುರದಲ್ಲಿ ಅವ್ವ ಗೂಡು ಆರಿಸುತ್ತಿದ್ದಳು.
ಚಂದ್ರಿಕೆಯಿಂದ ಬಿಡಿಸಿ ರಾಶಿ ಹಾಕಿದ ಗೂಡಿನ ಮುಂದೆ
ಕುಕ್ಕರಗಾಲಲ್ಲಿ ಇಡೀ ಹಗಲು.
ಕಲೆಯದು ಒಂದು ಕಡೆ, ಜೊಳ್ಳು ಒಂದು ಕಡೆ,
ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು ಮಡಿಲಿಗೆ.
"ನಾಲ್ಕು ಜ್ವರ ದಾಟಿ ಬಂದವು ಕಣೆ,
ಕಟ್ಟುವಾಗ ಎಡವಟ್ಟಾಯ್ತು, ಅಷ್ಟೆ."

ಇಲ್ಲಿ ನಲವತ್ತೇಳು ದಿನ.
ದುಂಡಗಿದ್ದದ್ದು ಉದ್ದವಾಗಿ, ಬಾಲ ತಳೆದು,
ಮೈಯ ಹೆಚ್ಚಿನದೆಲ್ಲ ಕಳಚಿ ಹಗುರಾಗಲು.
ಹಗುರಾಗುವುದು ಕಷ್ಟದ ಕೆಲಸ.
ಕಾಲುವೆ ಈಚೆಗೆ, ಹೆದ್ದಾರಿ ಆಚೆಗೆ,
ನಡುವಿನ ತುಂಡು ಕಾಡಲ್ಲಿ
ಅಣ್ಣ ತಂಗಿಯರ ನಡುವೆಯೇ ಸಂಸಾರವಾದರೆ
ಎಡವಟ್ಟು ಹೆಚ್ಚುತ್ತದೆ ಎನ್ನುತ್ತಾರೆ ಡಾಕ್ಟ್ರು.

ಚಿರತೆ: ಇನ್ನೂರಕ್ಕೆ ನೆಟ್ಟಗಿನವು ಮೂವತ್ತೊಂದು.
ಪೈಲ್ವಾನ: ನೂರ ಅರವತ್ತೆರಡು.

ಕೂಡಿ ಕಳೆದು ನೋಡಿದರೂ ಲೆಕ್ಕ ಹೀಗೇ ನಿಂತಿತು:
ಸೊಟ್ಟವನ್ನು ಸಾರಜನಕದ ಹೊಗೆಯಲ್ಲಿ
ಹೆಸರು ಬರೆದು, ದಿನಾಂಕ ಬರೆದು, ಕಾಪಾಡುತ್ತೇವೆ.
ನೆಟ್ಟಗಿದ್ದದ್ದನ್ನು
ಬೆಳಿಗ್ಗೆ ಹತ್ತೂವರೆಗೆ ಮುಗಿಸಿದೆವು.
ತಪ್ಪೆಂದು ಹೇಳುತ್ತಿಲ್ಲ.
ಮಾರ್ಕೆಟ್ಟಿನ ಮೋರಿಯಲ್ಲಿ ಕಣ್ಣು ಬಿಡದ ಮರಿಗಳನ್ನು
ನಾನೂ ನೋಡಿದ್ದೇನೆ.

ಇನ್ನೊಂದು ಮಾತು, ವರದಿಯಲ್ಲಿ ಬರೆಯಲು ಜಾಗವಿಲ್ಲದ್ದು.
ಹಾಳು ಹೆಚ್ಚಿದಂತೆ ಆ ಬೀಜಗಳು
ಕೈಕಟ್ಟಿ ಕೂರುವುದಿಲ್ಲ ಕೆಲವೊಮ್ಮೆ,
ಇನ್ನೂ ಹೆಚ್ಚು ಕಟ್ಟುತ್ತವೆ.
ಕೆಟ್ಟು ಕೆಟ್ಟು ಕಟ್ಟುತ್ತವೆ.
ಮೂರು ಕಾಲಿನ ಪ್ರಾಣಿಯೊಳಗೆ
ರಾತ್ರಿ ಪಾಳಿಯೂ ನಡೆಯುತ್ತಿರುತ್ತದೆ.

ಸಂಜೆ ಅವ್ವ ಕೇಳಿದಳು, ಏನು ಎಣಿಸಿದೆ ಇವತ್ತು.
ಬಾಲ, ಅಂದೆ.
ನಕ್ಕಳು. ಪೆಟ್ಟಿಗೆಯಿಂದ ಸೀರೆ ತೆಗೆದಳು,
ಜೋಡಿಗೂಡಿನ ನೂಲಿನದು,
ಉದ್ದಕ್ಕೂ ಗಂಟು ಗಂಟು, ಬೆರಳಿಗೆ ತಡೆಯುವ ರೇಷ್ಮೆ.
"ನೀನು ಹುಟ್ಟಿದಾಗ ಕೊಂಡದ್ದು" ಅಂದಳು.
ಮತ್ತೆ ಮಡಿಸಿಟ್ಟಳು.

ಮಾರನೇ ದಿನ ಪೈಲ್ವಾನನನ್ನು ಬಿಡಲು ಹೋದೆ.
ಎಡಗಿವಿಯ ತುದಿ ಕತ್ತರಿಸಿದ ಗುರುತು, ಅದೇ ಗತ್ತು.
ಜಬೀನಾ ಬಿ ಬೂತಾಯಿಯ ತಲೆ ಎಸೆದಳು.
"ಮುಗೀತಾ ಇವನ ಕಥೆ?"
ನಾಳದಲ್ಲಿ ಇನ್ನೂ ಅಷ್ಟಿಷ್ಟು ಉಳಿದಿರುತ್ತೆ,
ಒಂದೆರಡು ವಾರ ಹುಷಾರು, ಅಂದೆ.
ಅವನು ಆಗಲೇ
ತಕ್ಕಡಿಯ ಕಲ್ಲಿಗೆ ಮೈ ಉಜ್ಜಿ,
ಬಾಲ ನೆಟ್ಟಗೆ ಎತ್ತಿ,
ಐಸು ಕರಗಿದ ನೀರಿನ ಮೇಲೆ ನಡೆದು ಹೋಗುತ್ತಿದ್ದ.