ಸೂಚಕ

ಫಿನಾಲ್ಫ್ತಲೀನ್ ಜೂನಿನಲ್ಲೇ ಮುಗಿಯಿತು.
ಬೇಡಿಕೆ ಪಟ್ಟಿ ಶಿವಮೊಗ್ಗದ ಯಾವುದೋ ಮೇಜಿನ ಮೇಲೆ
ಇನ್ನೊಂದು ಪಟ್ಟಿಯ ಕೆಳಗೆ.
ಸಾಗರದ ಸಂತೆಯಲ್ಲಿ ಹತ್ತು ರೂಪಾಯಿಗೆ ಅರಿಶಿನ ತಂದೆ,
ಬೀಡಾ ಅಂಗಡಿಯ ಖಾಸಿಂ ಸಾಬರು
ಉಗುರಷ್ಟು ಸುಣ್ಣಕ್ಕೆ ಎಂತ ದುಡ್ಡು ಮಾರಾಯ್ರೆ ಅಂದರು.

ಬ್ಯುರೆಟ್ ಸ್ಟ್ಯಾಂಡಿಗೆ ಮೊಬೈಲು ಕಚ್ಚಿಸಿದೆ,
ಈ ವರ್ಷ ಅದು ಮಾಡಿದ ಮೊದಲ ಕೆಲಸ.
'ಮಕ್ಕಳೇ, ಇದು ಆರತಿ ನೀರು,
ಮದುಮಕ್ಕಳಿಗೆ ನೀವಾಳಿಸಿ ಬಾಗಿಲಾಚೆ ಚೆಲ್ಲುತ್ತಾರಲ್ಲ, ಅದೇ.
ದೃಷ್ಟಿಯಿಲ್ಲ, ಮಾಟವಿಲ್ಲ,
ಸುಣ್ಣದೆದುರು ಅರಿಶಿನ ನಾಚುತ್ತದೆ, ಅಷ್ಟೆ.'

ನಾಚುವುದಿಲ್ಲ, ಗೊತ್ತು. ಒಂದು ಪ್ರೋಟಾನು ಕಳಚಿಕೊಳ್ಳುತ್ತದೆ.
ಆದರೆ ಪ್ರೋಟಾನನ್ನು ಯಾರು ಸ್ಟೇಟಸ್ಸಿಗೆ ಹಾಕುತ್ತಾರೆ?

ನಲವತ್ತೊಂಬತ್ತು ಸೆಕೆಂಡಿನ ರೀಲು.
ಸಂಜೆಯೊಳಗೆ ಮುನ್ನೂರು ಹೆಬ್ಬೆರಳು, ಕೈಮುಗಿದ ಚಿತ್ರ ಏಳು,
ನಾನು ಎರಡೆರಡು ಸಲ ಎಣಿಸಿದೆ.

ರಾತ್ರಿ ಹತ್ತಕ್ಕೆ ಶರಾವತಿ ಹಿನ್ನೀರಿನಾಚೆಯಿಂದ ಒಂದು ದನಿ.
ದ್ವಿತೀಯ ಪಿಯುಸಿ ಸಿಂಚನಳ ಅಜ್ಜಿ, ದ್ಯಾವಮ್ಮ.
ಸಿಗ್ನಲ್ಲಿಗೆಂದು ಇಬ್ಬರೂ ಗುಡ್ಡ ಹತ್ತಿರಬೇಕು:
ಏದುಸಿರು, ಜೀರುಂಡೆ,
'ಇಲ್ಲಿ ಒತ್ತಬೇಡ ಅಜ್ಜಿ', ಮತ್ತೆ ಏದುಸಿರು.

'ಮೇಷ್ಟ್ರೆ, ಸುಣ್ಣ ಜಾಸ್ತಿ ಆತು ನಿಮ್ದು.
ಅದು ಆರತಿ ಕೆಂಪಲ್ಲ, ಗಾಯದ ಕೆಂಪು.
ಅರಿಶಿನ ಮೊದ್ಲು ಕದಡಿ ಬಿಡ್ಬೇಕು,
ಸುಣ್ಣ ಬೆರಳ ತುದೀಲಿ ಮುಟ್ಟಿಸ್ಬೇಕು.
ಗಾಳಿಗೆ ಬಿಟ್ಟ ಹಳೇ ಸುಣ್ಣಕ್ಕೆ ಬಣ್ಣ ಏಳಲ್ಲ.
ತಪ್ಪಿದ್ರೆ ನಿಂಬೆಹುಳಿ ನಾಕು ಹನಿ, ವಾಪಸ್ ಹಳದಿ,
ಅದನ್ನ ನೀವು ಹೇಳ್ಲೇ ಇಲ್ಲ.
ನಮ್ಮೂರ ಮದುವೆಗೆಲ್ಲ ಕೆಂಪು ಕಲಸೋದು ನಾನೇ,
ಹಿತ್ಲ ಕಡೆ ಕೂತು.
ತಟ್ಟೆ ಎತ್ತೋರು ಬೇರೆ.
ನಮ್ಮನೆಯವ್ರು ತೀರಿಕೊಂಡಾಗಿಂದ
ಕೆನ್ನೆಗೆ ಬೇಡಾದ ಅರಿಶಿನ ಕೈಗೆ ಮಾತ್ರ ಬೇಕು.
ಎಂತ ಮಾಡೋದು. ಮಳೆ ಬಂತು, ಇಡ್ತೀನಿ.'

ಹಳೇ ಸುಣ್ಣ ಯಾಕೆ ಸೋಲುತ್ತದೆಂದು
ನಾನು ಬೋರ್ಡಿನ ಮೇಲೆ ಬರೆಯಬಲ್ಲೆ, ಬಾಣದ ಗುರುತಿನೊಡನೆ.
ನಿಂಬೆಯದೂ ಬರೆಯಬಲ್ಲೆ, ಎರಡೂ ಕಡೆ ಬಾಣ.
ದನಿಯನ್ನು ಮೂರು ಸಲ ಕೇಳಿದೆ.
ನನ್ನ ರೀಲನ್ನು ಅಳಿಸಿದೆ.

ಭಾನುವಾರ ಅವರ ಹಿತ್ತಿಲಲ್ಲಿ,
ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸ್ಟ್ಯಾಂಡು.
'ಮುಖ ಬೇಡ, ಕೈ ತಗೊಳ್ಳಿ.'
ಬಳೆಯಿಲ್ಲದ ಎರಡು ಕೈ, ಹಿತ್ತಾಳೆ ತಟ್ಟೆ.
ಹಳದಿ ತಿಳಿಯಾಗುವವರೆಗೆ ಕಾದವು.
ಬೆರಳು ಮುಟ್ಟಿದಲ್ಲಿಂದ ಕೆಂಪು
ಯಾರನ್ನೂ ಕೇಳದೆ ಅಂಚಿನವರೆಗೆ ನಡೆಯಿತು.

'ಆತು' ಅಂದರು.
ನಾನು ನಿಲ್ಲಿಸಲು ಬೆರಳು ಚಾಚುವಷ್ಟರಲ್ಲಿ
ಕೈಗಳು ತಟ್ಟೆಯ ಸಮೇತ ಚೌಕಟ್ಟಿನಿಂದ ಮೇಲೆದ್ದವು.
ತಿರುಗಿ ನೋಡಿದರೆ,
ಕೊಡೆ ಹಿಡಿದು ನಿಂತ ಸಿಂಚನಳ ಮುಂದೆ
ದ್ಯಾವಮ್ಮ, ಒಂದು ಸುತ್ತು, ಎರಡು,
ಮೂರನೆಯದಕ್ಕೆ ತುಸು ತಡೆದು, ಅದೂ.

ವಿಡಿಯೋದಲ್ಲಿ ಅಷ್ಟು ಹೊತ್ತು ಬರಿಯ ಕಲ್ಲು,
ಕಲ್ಲಿನ ಮೇಲೊಂದು ಕೆಂಪು ಹನಿ.
ಕತ್ತರಿಸದೆ ಹಾಗೇ ಕಳಿಸಿದೆ.

ಪಾಠದ ಉಳಿದರ್ಧಕ್ಕೆಂದು ಒಯ್ದಿದ್ದ ನಿಂಬೆಹಣ್ಣು
ಮನೆಗೆ ಬಂದಾಗಲೂ ಜೇಬಿನಲ್ಲೇ ಇತ್ತು.