ಸುಮ್ಮ ಕೂಡೂ ಕೆಲಸ

ಹತ್ತೊಂಬತ್ತು ವರ್ಷ ಇದ ಶೆಡ್ಡಿನ್ಯಾಗ ಕುಂತೀನಿ
ಉಡಿತುಂಬ ಅರಳಿ ಇಟಗೊಂಡು.
ಎಲಿಚೂರು ತಗೀ, ಹಳದಿ ಎಳಿ ತಗೀ,
ಹುಳ ತಿಂದದ್ದು ತಗೀ,
ಮುಕಾದಮ ಬಂದನಂದ್ರ ಎರಡರಷ್ಟು ತಗೀ.

ಈಗ ಹೇಳತಾರ: ಅಲುಗಬ್ಯಾಡ್ರಿ ಗುರುಬಾಯಿ.
ಕೈ ತೊಡಿಮ್ಯಾಲೆ ಇಡ್ರಿ. ಹಂಗ. ಹಂಗೇ.
ಹನ್ನೆರಡು ಮಂದಿ ಹುಡುಗರು
ಇದ್ದಲಿ ಹಿಡಕೊಂಡು ನನ್ನ ನೋಡತಾರ.
ನನ್ನ ಗಂಡ ಹಿಂಗ ಒಮ್ಮೆರೆ ನೋಡಿದ್ದರ...
ಆ ಮಾತು ಬಿಡ್ರಿ.

ಮ್ಯಾಲೆ ಛಾವಣಿ, ಗರಗಸದ ಹಲ್ಲಿನಂಗ.
ಹಲ್ಲಿಗೊಂದು ಗಾಜು, ಎಲ್ಲಾ ಬಡಗಣ ದಿಕ್ಕಿಗೆ.
ಹೊರಗ ಯಾರು ಬಂದ್ರು ಯಾರು ಹ್ವಾದ್ರು ಕಾಣಬಾರದಂತ
ಸೇಠ ಹಿಂಗ ಕಟ್ಟಿಸ್ಯಾನ ಅಂತಿದ್ವಿ ನಾವು.
ಇಂಗಳೇಶ್ವರ ಸರ್ ಮೊದಲನೇ ದಿನ
ಕತ್ತು ಎತ್ತಿ, ಬಾಯಿ ತಗದು ನಿಂತರು:
"ಬಿಸಲು ಬಡಿಯೂದಿಲ್ಲ, ನೆರಳು ಜಿಗಿಯೂದಿಲ್ಲ,
ಇಂಥಾ ಬೆಳಕಿಗಂತ ಚಿತ್ರಗಾರರು ಊರು ಬಿಟ್ಟು ಊರಿಗೆ ಹೋಗತಾರ."
ನಾನಂದೆ, ಸರ್,
ಬಿಳಿಯೊಳಗ ಬಿಳಿ ಹುಡುಕಲಿಕ್ಕೆ
ನಮಗೂ ಇದ ಬೆಳಕು ಬೇಕಾಗತಿತ್ತು.
ಅವರು ಬರಕೊಂಡರು.

ಗುಮ್ಮಟದಾಗ ಪಿಸುಗುಟ್ಟಿದರ ಏಳು ಸಲ ತಿರುಗಿ ಬರತದ.
ಇಲ್ಲಿ, ಅದರಿಂದ ಎರಡು ಮೈಲಿನೂ ಇಲ್ಲ,
ನಲವತ್ತು ಜಿನ್ನು ಒಮ್ಮೆಲೆ ಹೊಡಕೊಂಡವಂದ್ರ
ಚೀರಿದರೂ ಒಂದು ಸಲ ಕೇಳತಿರಲಿಲ್ಲ.
ರಾಜಮಾನ ಸೆರಗು ರೋಲರಿಗೆ ಸಿಕ್ಕ ದಿನ
ಆಕಿ ಬಾಯಿ ತೆರದದ್ದು ಕಂಡೆ,
ದನಿ ಬರಲಿಲ್ಲ.
ಬೆಲ್ಟು ಕಿತ್ತಿ ಒಗದಾಂವ ಫಿಟ್ಟರ್ ದಸ್ತಗೀರಸಾಬ.
ಕೈ ಉಳೀತು. ಎರಡು ಬೆರಳು ಉಳೀಲಿಲ್ಲ.
ಅದ ಮೂಲ್ಯಾಗ ಈಗ ಕುಂಬಾರ ಚಕ್ರ ತಿರಗತದ.
ತಾಳಿಕೋಟಿ ನಸ್ರೀನ ಮಣ್ಣಿಗೆ ಬೆರಳು ಒತ್ತಿ
ಏನೋ ಹಾಡಕೋತಾಳ ತನ್ನಷ್ಟಕ್ಕ,
ನನಗ ಇಲ್ಲಿತನಕ ಕೇಳತದ.

ಪಗಾರ ತಾಸಿಗೆ ನೂರಾ ಐವತ್ತು.
ಆಗ ದಿನಕ್ಕ ಹನ್ನೊಂದಿತ್ತು.
ನನ್ನ ಯಾವ ಖಾನೆಕ್ಕ ಬರೀಬೇಕಂತ
ಯುನಿವರ್ಸಿಟಿ ಕಾರಕೂನ ಮೂರು ದಿನ ಪೆನ್ನು ಕಚ್ಚಿದ.
ಸಿಬ್ಬಂದಿ ಅಲ್ಲ, ಅತಿಥಿ ಅಲ್ಲ,
ಕೂಲಿ ಅಂತೂ ಅಲ್ಲೇ ಅಲ್ಲ, ಕೆಲಸಾನ ಮಾಡೂದಿಲ್ಲಲ್ಲ.
ಕಡೀಕ ಬರದ: ಸಾಮಗ್ರಿ.
ಕ್ಯಾನ್ವಾಸಿನ ಕೆಳಗ, ಟರ್ಪೆಂಟೈನಿನ ಮ್ಯಾಲೆ.
ಸಹಿ ಮಾಡಿದೆ. ರೊಕ್ಕ ಎಣಿಸಿಕೊಂಡೆ.
ನಗು ಬಂದದ್ದು ಬಸ್ಸಿನ್ಯಾಗ.

ಸುಮ್ಮ ಕೂಡೂದು ಹಗರ ಅನಕೋಬ್ಯಾಡ್ರಿ.
ಬೆರಳು ತಾವ ಹೊಂಡತಾವ, ಇಲ್ಲದ ಎಲಿಚೂರು ಹುಡುಕಿಕೋತ.
ಅಥಣಿಯ ಮಹಾವೀರ ಸಿಟ್ಟಾದ ಒಂದಿನ:
"ಆಯಿ, ಕೈ ನಿಂದ್ರವಲ್ಲವು, ಹೆಂಗ ಬರೀಲಿ?"
ಬರೀಬ್ಯಾಡೋ, ಅಂದೆ.
ಬರದ. ಆರು ಕೈ ಬರದ, ಒಂದರ ಮ್ಯಾಲೊಂದು,
ಮಾರಿ ಖಾಲಿ ಬಿಟ್ಟ.
ಹನ್ನೆರಡರಾಗ ಅದೊಂದ ನಾನು.

ಯಂತ್ರ ಗುಜರಿಗೆ ಹ್ವಾದವು, ತೂಕದ ಲೆಕ್ಕಕ್ಕ.
ಸುಣ್ಣ ಮೂರು ಸಲ ಹಚ್ಯಾರ.
ಆದರೂ ಮೊಳಿ ಹೊಡದಲ್ಲೆಲ್ಲಾ ಗ್ವಾಡಿಯೊಳಗಿಂದ
ಚೂರು ಅರಳಿ ಹೊರಗ ಇಣಕತದ.
ಫ್ಯಾನ್ ಹಚ್ಚಿದರ ತೊಲಿಮ್ಯಾಲಿಂದ ಇಳೀತದ,
ಹಸಿ ಬಣ್ಣ ನೋಡಿ ಕೂಡತದ.
ಹುಡುಗರು ಉಗುರಿಲೆ ಕೆರೀತಾರ,
ಎಳಿ ಸಂಗಾಟ ಬಣ್ಣಾನೂ ಬರತದ, ಬೈತಾರ.
ಯಾರನ್ನ ಬೈತಾರೋ.

ನಿನ್ನೆ ಚಾದ ಸೂಟಿಯೊಳಗ ಎದ್ದೆ,
ಮೊಣಕಾಲೆರಡೂ ಜೋಮು.
ರಬಕವಿಯ ಪದ್ಮಜಾ ಬರದ ಪಟದ ಮುಂದ ನಿಂತು
ಎರಡು ಬೆರಳಿಲೆ ಎತ್ತಿದೆ ಒಂದೊಂದ ಎಳಿ,
ಬಣ್ಣಕ್ಕ ಗೊತ್ತಾಗದಂಗ.
ಗಲ್ಲದ ಮ್ಯಾಲಿಂದ ಮೂರು, ಕುಬಸದ ತೋಳಿಂದ ಒಂದು.
ಸುತ್ತ ಕೂಡಿದರು. ಯಾರೋ ಅಂದರು, "ಇನ್ನೊಮ್ಮೆ."

ಬೈತಲಿ ಬಾಜೂಕ ಇನ್ನೊಂದಿತ್ತು, ಉದ್ದಂದು.
ಹುಡುಗಿ ನನ್ನ ಕೂದಲಾ ಕರ್ರಗ ಬರದಿದ್ದಳು,
ಮರ್ಯಾದಿಗೆ.
ಅದನ್ನ ಅಲ್ಲೇ ಬಿಟ್ಟು
ಹೋಗಿ ನನ್ನ ಜಾಗಾದಾಗ ಕುಂತೆ.