ಆಖೈರು ಶಿಲ್ಕು

ನಲವತ್ತು ಪೈಸೆ ತಾಳೆಯಾಗದೆ
ಲೋವರ್ ಪರೇಲಿನ ಹದಿನೇಳನೇ ಮಾಳಿಗೆಯಲ್ಲಿ
ಮೂರು ರಾತ್ರಿ ಕೂತಿದ್ದೆ. ಸಿಕ್ಕಿತು.
ಯಾರೂ ಕೇಳಲಿಲ್ಲ.

ಇವತ್ತು ಕೊರಳಿನ ಕಾರ್ಡು ಬಿಚ್ಚಿ
ವಾಘ್ಮಾರೆಯ ಮೇಜಿನ ಮೇಲಿಟ್ಟೆ.
"ಊಟಕ್ಕಾ, ಮೇಡಂ?" ಅಂದ, ಬೆಳಿಗ್ಗೆ ಹನ್ನೊಂದಕ್ಕೆ.
ಹೂಂ ಅಂದೆ.

ಮಸ್ಜಿದ್ ಬಂದರಿನ ಬಟ್ಟೆಯಂಗಡಿಯಲ್ಲಿ
ಕಿರ್ದಿ ಬರೆಯುತ್ತಿದ್ದ ಅಪ್ಪ
ಏಳು ಹೊಡೆದರೆ ಎರಡು ಗೆರೆ ಎಳೆದು
ಆಖೈರು ಶಿಲ್ಕು ಅಂತ ಬರೆದು
ಪೆನ್ನಿಗೆ ಟೊಪ್ಪಿ ಹಾಕುತ್ತಿದ್ದರು.
ಲ್ಯಾಪ್‌ಟಾಪಿಗೆ ಟೊಪ್ಪಿಯಿಲ್ಲ.

ಲೋಕಲ್ ಖಾಲಿ. ಕಿಟಕಿ ಸಿಕ್ಕಿತು.
ಮಾಹಿಮಿನ ಹತ್ತಿರ ಹಳಿಗಂಟಿಕೊಂಡು
ಯಾರೋ ಪಾಲಕ್ ಬೆಳೆದಿದ್ದಾರೆ.
ಹನ್ನೊಂದು ವರ್ಷ ಜನರ ಬೆನ್ನೇ ನೋಡಿದ್ದೆ.

ಬಲಗೈ ಬೆರಳು ಮಾತ್ರ ತೊಡೆಯ ಮೇಲೆ
ಇನ್ನೂ ಅಂಕಿ ಒತ್ತುತ್ತಿವೆ,
ಏಳು, ನಾಲ್ಕು, ಸೊನ್ನೆ, ಸೊನ್ನೆ.
ಎಡಗೈಯಿಂದ ಮುಚ್ಚಿ ಕೂತೆ.
ಬಾಂದ್ರಾ ದಾಟಿದರೂ ನಿಲ್ಲಲಿಲ್ಲ.